ಮೂರನೇ ಸ್ಟೇಷನ್ನಿನ ಪೇಷಂಟ್ ಅವರಿಗೆ

೪ ಆಗಸ್ಟ್

ಮೂರನೇ ಸ್ಟೇಷನ್ನಿನ ಪೇಷಂಟ್ ಅವರಿಗೆ ನಮಸ್ಕಾರಗಳು.

ನೀವು ಬರೆದ ಫೀಡ್‌ಬ್ಯಾಕ್ ಕಾಗದವನ್ನು ನಮ್ಮ ಮೆಡಿಕಲ್ ಕಾಲೇಜಿನ ಸ್ಕಿಲ್ಸ್ ಲ್ಯಾಬಿನ ಮೇಡಂ ಇವತ್ತು ನನ್ನ ಕೈಗೆ ಕೊಟ್ಟರು. ಫೇಲಾದ ವಿದ್ಯಾರ್ಥಿಗೆ ಆ ಸ್ಟೇಷನ್ನಿನ ಪೇಷಂಟ್ ಮೂರು ಸಾಲು ಬರೆಯಬೇಕು, ವಿದ್ಯಾರ್ಥಿ ಅದಕ್ಕೆ ಉತ್ತರ ಬರೆದು ಅಂಚೆಗೆ ಹಾಕಬೇಕು, ಇದು ಇಲ್ಲಿಯ ನಿಯಮವಂತೆ. ಪೇಷಂಟನ್ನು ಮಾತಾಡಿಸುವ ಪರೀಕ್ಷೆಗೆಂದು ದೊಡ್ಡ ಹಾಲಿಗೆ ಪರದೆ ಕಟ್ಟಿ ಮಾಡಿದ ಆರು ಸ್ಟೇಷನ್ನುಗಳಲ್ಲಿ, ಮೂರನೆಯದರಲ್ಲಿ ಫೇಲಾದವಳು ಇಡೀ ಬ್ಯಾಚಿಗೆ ನಾನೊಬ್ಬಳೇ. ಆದ್ದರಿಂದ ನಾನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ರೋಲ್ ನಂಬರ್ ಐವತ್ತೇಳು. ಸ್ಟೂಲಿಗೆ ಕಾಲು ತಗುಲಿಸಿಕೊಂಡು, ಬೀಳುತ್ತಾ ಬೀಳುತ್ತಾ "ಗುಡ್ ಮಾರ್ನಿಂಗ್" ಅಂದವಳು.

ನಿಮ್ಮ ಮೂರು ಸಾಲು ನನಗೆ ಬಾಯಿಪಾಠವಾಗಿದೆ. "ಹುಡುಗಿ ಒಳ್ಳೆಯವಳು. ಏಳು ನಿಮಿಷದಲ್ಲಿ ಇಪ್ಪತ್ತಾರು ಪ್ರಶ್ನೆ ಕೇಳಿದಳು. ನನ್ನ ಗಂಡ ಹೋಗಿಬಿಟ್ಟರು ಅಂದಾಗ 'ಓಕೆ, ಗುಡ್' ಅಂದಳು."

ಅಂದೆ. ನಾನೇ ಅಂದೆ. ನೀವು ಸಕ್ಕರೆ ಕಾಯಿಲೆಯ ಮಾತ್ರೆ ಯಾಕೆ ಬಿಟ್ಟಿರಿ ಎಂದು ಕಂಡುಹಿಡಿಯುವುದು ನನ್ನ ಪರೀಕ್ಷೆ. ನೀವು ತಲೆ ತಗ್ಗಿಸಿ "ಯಜಮಾನ್ರು ಹೋದ್ಮೇಲೆ ಮಾತ್ರೆ ನುಂಗೋಕೇ ಮನಸ್ಸು ಬರಲ್ಲ ಡಾಕ್ಟ್ರೇ" ಅಂದಿರಿ. ನನ್ನ ತಲೆಯೊಳಗೆ "ಕಾರಣ" ಅನ್ನುವ ಖಾನೆಗೆ ಟಿಕ್ ಬಿತ್ತು. ಮಾರ್ಕು ಸಿಕ್ಕಿದ ಖುಷಿಗೆ ಬಾಯಿ ತನ್ನಷ್ಟಕ್ಕೆ "ಓಕೆ, ಗುಡ್" ಅಂದುಬಿಟ್ಟಿತು. ಅಷ್ಟಕ್ಕಾದರೂ ನಿಂತೆನೇ? "ತಮ್ಮ ಮಲವಿಸರ್ಜನೆ ಕ್ರಮಬದ್ಧವಾಗಿದೆಯೇ?" ಎಂದೂ ಕೇಳಿದೆ. ನೀವು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸಿ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ನೆಪ ಹೇಳುತ್ತಿಲ್ಲ, ಆದರೂ ಹೇಳುತ್ತೇನೆ. ಆರನೇ ವಯಸ್ಸಿಗೆ ನನ್ನನ್ನು ಇಂಗ್ಲಿಷ್ ಹಾಸ್ಟೆಲ್ಲಿಗೆ ಹಾಕಿದರು. ಜಗಳ, ಗಣಿತ, ಕ್ಷಮಾಪಣೆ ಎಲ್ಲ ಕಲಿತದ್ದು ಇಂಗ್ಲಿಷಿನಲ್ಲಿ. ಕನ್ನಡ ಅಂದರೆ ರಜೆಯಲ್ಲಿ ಮನೆಯವರು ಬೈಯುವುದು, ಇಲ್ಲವೇ ಪಠ್ಯಪುಸ್ತಕ. ನಡುವಿನ ಕನ್ನಡ ನನ್ನಲ್ಲಿ ಇಲ್ಲ. ಗಾಬರಿಯಾದರೆ ಪುಸ್ತಕವೇ ಬಾಯಿಗೆ ಬರುತ್ತದೆ.

ಇರಲಿ. ಈ ಕಾಗದದ ಮುಖ್ಯ ವಿಷಯ ಬೇರೆ. ನಿಮ್ಮ ಯಜಮಾನರ ಅಗಲಿಕೆಯ ಸುದ್ದಿ ಕೇಳಿ ನನಗೆ ಅತೀವ ದುಃಖವಾಗಿದೆ. ಅವರ ಆತ್ಮಕ್ಕೆ ಚಿರಶಾಂತಿ ದೊರಕಲಿ. ಆ ದುಃಖವನ್ನು ಭರಿಸುವ ಶಕ್ತಿ ನಿಮಗೂ ನಿಮ್ಮ ಕುಟುಂಬಕ್ಕೂ ಬರಲಿ. ದಯವಿಟ್ಟು ಮಾತ್ರೆ ಮತ್ತೆ ಶುರು ಮಾಡಿ.

ಸೆಪ್ಟೆಂಬರ್ ಇಪ್ಪತ್ತಕ್ಕೆ ಮರುಪರೀಕ್ಷೆ. ಅದರಲ್ಲೂ ಹೋದರೆ, ಅಕ್ಟೋಬರ್ ಒಂದಕ್ಕೆ ಬ್ಯಾಚ್ ಪೂರ್ತಿ ವಾರ್ಡಿಗೆ ಹೋಗುವಾಗ ನಾನು ಮಾತ್ರ ಹಿಂದೆ ಉಳಿಯುತ್ತೇನೆ, ಆರು ತಿಂಗಳು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಕ್ಷಮೆ ಕೋರುವ,
ಐವತ್ತೇಳು


೯ ಆಗಸ್ಟ್

ಐವತ್ತೇಳಮ್ಮನಿಗೆ ಆಶೀರ್ವಾದಗಳು.

ಅಕ್ಷರ ಯಜಮಾನರದ್ದು, ಮಾತು ನನ್ನದು. ನನಗೆ ಬರೆಯುವುದೆಂದರೆ ಸೋಮಾರಿತನ. ಹೌದಮ್ಮ, ಯಜಮಾನರದ್ದೇ. ಸತ್ತವರು ಎದುರಿಗೇ ಕೂತು ಬರೆಯುತ್ತಿದ್ದಾರೆ. (ಸತ್ತವನ ನಮಸ್ಕಾರಗಳು. ನಿಮ್ಮ ಸಂತಾಪ ಪತ್ರ ಬಹಳ ಚೆನ್ನಾಗಿತ್ತು. ನಾನು ನಿಜವಾಗಿ ಹೋದಾಗ ಇಷ್ಟು ಚೆನ್ನಾಗಿ ಯಾರೂ ಬರೆಯಲಾರರು. ಫ್ರೇಮು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುವವನಿದ್ದೇನೆ.)

ನಿನಗೆ ಯಾರೂ ಹೇಳಲಿಲ್ಲವೇ ಮಗಳೇ? ನಾವು ಪೇಷಂಟುಗಳಲ್ಲ. ಕಾಲೇಜಿನವರು ನಮ್ಮನ್ನು ಕರೆಸಿ ಪೇಷಂಟಿನ ಹಾಗೆ ಕೂರಿಸುತ್ತಾರೆ, ಯಾವ ಕಾಯಿಲೆ, ಏನು ಹೇಳಬೇಕು ಎಂದೆಲ್ಲ ಬರೆದ ಒಂದು ಕೇಸ್ ಹಾಳೆ ಕೈಗೆ ಕೊಡುತ್ತಾರೆ. ಊರಿನವರಾದರೆ ಹುಡುಗರಿಗೆ ಗುರುತು ಸಿಗುತ್ತದೆಂದು ನಾಲ್ಕು ಗಂಟೆ ರೈಲಿನ ದಾರಿಯಿಂದ ನನ್ನನ್ನು ಕರೆಸುವುದು. ನಾನು ದರ್ಜಿ. ಆರು ವರ್ಷದ ಹಿಂದೆ ಲ್ಯಾಬಿನ ಪರದೆ ಹೊಲಿದುಕೊಟ್ಟೆ. ಅವತ್ತು ಪೇಷಂಟಾಗಿ ಕೂರಬೇಕಿದ್ದವರು ಬರಲಿಲ್ಲ, ಮೇಡಂ "ನೀವೇ ಕೂತ್ಕೊಂಡು ಸ್ವಲ್ಪ ನರಳಿ" ಅಂದರು. ನರಳಿದೆ. ಅವತ್ತಿನಿಂದ ನರಳುತ್ತಲೇ ಇದ್ದೇನೆ. ಒಂದೇ ಕೋಣೆಯ ಅಂಗಡಿ ನಮ್ಮದು, ಎಡಕ್ಕೆ ಅವರ ಗಡಿಯಾರ ರಿಪೇರಿ, ಬಲಕ್ಕೆ ನನ್ನ ಹೊಲಿಗೆ ಮೆಷಿನ್. (ಮಧ್ಯೆ ಜಗಳ.)

ನಾನು ಮುಖ ಮುಚ್ಚಿಕೊಂಡದ್ದು ಅಳುವುದಕ್ಕಲ್ಲ. ಆರು ವರ್ಷದಲ್ಲಿ ಕೇಸ್ ಹಾಳೆ ಬಿಟ್ಟು ಒಂದು ಸಲ ಕೆಮ್ಮಿದವಳೂ ಅಲ್ಲ ನಾನು. ನಿನ್ನ ಕ್ರಮಬದ್ಧದ ಪ್ರಶ್ನೆಗೆ ನಗು ತಡೆಯಲಾರದೆ ಬಿದ್ದೆ. "ಹೊರಗಡೆ ಸರಿಯಾಗಿ ಹೋಗುತ್ತಾ?" ಅಂತ ಕೇಳು ತಾಯಿ. ಸಾಕು.

ಈಗ ಮರುಪರೀಕ್ಷೆಯ ಮಾತು. ನಿನ್ನ ತೊಂದರೆ ಭಾಷೆಯಲ್ಲಿಲ್ಲ. ನೀನು ಕೇಳಿದ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನದು ಬಂದು ನಿಂತಿರುತ್ತದೆ. ಗಿರಾಕಿ ಅಳತೆ ಕೊಡಲು ಬಂದಾಗ ಟೇಪು ಹಿಡಿದು ಓಡಿದರೆ ರವಿಕೆ ಆಗುತ್ತದೆಯೇ? ಒಂದು ಕೇಳು, ಆಮೇಲೆ ಬಾಯಿ ಮುಚ್ಚು. ಸುಮ್ಮನಿರುವುದು ಅಭ್ಯಾಸ ಮಾಡು. ಇಪ್ಪತ್ತೈದಕ್ಕೆ ಲ್ಯಾಬಿನಲ್ಲಿ ಅಭ್ಯಾಸದ ದಿನವಿದೆ, ನಾನು ಬರುತ್ತೇನೆ.

ಮನೆಯಲ್ಲಿ ಹೇಳುವುದು ಬಿಡುವುದು ನಿನ್ನಿಷ್ಟ. (ಹೇಳಿಬಿಡಿ. ಸತ್ತವರ ಮಾತು ಕೇಳಬೇಕು.)

ಮೂರನೇ ಸ್ಟೇಷನ್


೧೬ ಆಗಸ್ಟ್

ಆಂಟಿ,

ಅಂಕಲ್ ಬದುಕಿದ್ದಾರೆ! ಓ ಮೈ ಗಾಡ್! ಪ್ರಾಕ್ಟೀಸ್ ಪೇಷಂಟ್ ಅಂದರೆ ಪ್ರಾಕ್ಟೀಸಿಗೆ ಒಪ್ಪಿಕೊಂಡ ನಿಜವಾದ ಪೇಷಂಟ್ ಅಂತಲೇ ನಾನು ತಿಳಿದಿದ್ದೆ. ಅದನ್ನು ವಿವರಿಸಿದ ದಿನ ನಾನು ಹೆದರಿಕೆಯಿಂದ ವಾಂತಿ ಮಾಡುತ್ತಾ ಬಾತ್‌ರೂಮಿನಲ್ಲಿದ್ದೆ. ನಿಮ್ಮ ಕಾಗದವನ್ನು ನನ್ನ ರೂಮಿನ ಮೇಲಿನ ಮಂಚದವಳಿಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಏಣಿಯಿಂದ ಜಾರಿದಳು. ಈಗ ಇಡೀ ಹಾಸ್ಟೆಲ್ಲಿನಲ್ಲಿ ನನಗೆ "ಸಂತಾಪ" ಅಂತಲೇ ಹೆಸರು. "ಸಂತಾಪ, ಬಕೆಟ್ ಖಾಲಿ ಇದ್ಯಾ?" "ಸಂತಾಪ, ಊಟಕ್ಕೆ ಬರ್ತೀಯೇನೇ?"

ಸುಮ್ಮನಿರುವುದನ್ನು ಶುರು ಮಾಡಿದ್ದೇನೆ! ಗೇಟಿನ ಕಾವಲುಗಾರರ ಮೇಲೆ ಮೊದಲ ಪ್ರಯೋಗ. "ಹೇಗಿದ್ದೀರಾ?" ಅಂದೆ. ಅವರು "ಇದ್ದೀನಿ" ಅಂದರು. ನಾನು ಮನಸ್ಸಿನಲ್ಲೇ ಹತ್ತು ಎಣಿಸಿದೆ. ಮನಸ್ಸಿನಲ್ಲೇ ಅಂದುಕೊಂಡಿದ್ದೆ, ತುಟಿ ಆಡುತ್ತಿತ್ತಂತೆ. "ಏನಮ್ಮಾ, ಜಪ ಮಾಡ್ತಿದ್ದೀಯಾ? ಪರೀಕ್ಷೆ ಹತ್ರ ಬಂತಾ?" ಅಂದರು. ಎರಡನೇ ದಿನ ತುಟಿ ಕಚ್ಚಿಕೊಂಡು ನಿಂತೆ. ಏಳನೇ ಎಣಿಕೆಗೆ ಅವರು ತಾವಾಗಿ "ಮಂಡಿ ಹಿಡ್ಕೊಂಡುಬಿಟ್ಟಿದೆ ಕಣಮ್ಮಾ, ಈ ಕುರ್ಚಿ ತಗ್ಗು, ಎದ್ದೇಳೋಕಾಗಲ್ಲ" ಅಂದರು. ಆಂಟಿ, ನನಗೆ ರೋಮಾಂಚನವಾಯಿತು! ನಾನು ಏನೂ ಕೇಳಿರಲಿಲ್ಲ! ಸುಮ್ಮನೆ ನಿಂತದ್ದಕ್ಕೆ ಒಂದು ಮಂಡಿ ಸಿಕ್ಕಿತು!

ಮೆಸ್ಸಿನಲ್ಲಿ ಪಾತ್ರೆ ತೊಳೆಯುವವರ ಬಳಿಯೂ ಹೋದೆ. ನಾನು ಹದಿನೈದರವರೆಗೆ ಎಣಿಸಿದರೂ ಅವರು ಬಾಯಿ ಬಿಡಲಿಲ್ಲ. ಕೊನೆಗೆ "ಚಮಚ ಬೇಕಾ?" ಅಂದರು. ಎಲ್ಲರ ಮೇಲೂ ಕೆಲಸ ಮಾಡುವುದಿಲ್ಲ ಅನ್ನಿಸುತ್ತದೆ.

ಮನೆಗೆ ಫೋನು ಮಾಡಿ ಫೇಲಾದದ್ದು ಹೇಳಿದೆ. ಅಪ್ಪ ಬೈದರು, ಅಮ್ಮ ಫೋನು ಕಿತ್ತುಕೊಂಡು ಅಪ್ಪನಿಗೆ ಬೈದರು. ನಾನು ಸುಮ್ಮನಿದ್ದೆ. ಅದೂ ಅಭ್ಯಾಸವೇ ತಾನೇ? ಅಂಕಲ್‌ಗೆ ಹೇಳಿ.

ನಿಮ್ಮ,
ಐವತ್ತೇಳು (ಸಂತಾಪ)


೨೦ ಆಗಸ್ಟ್

ಐವತ್ತೇಳಮ್ಮ,

ಆಂಟಿ ಅಂತ ಇನ್ನೊಂದು ಸಲ ಬರೆದರೆ ಫೇಲು ಮಾಡಿಸುತ್ತೇನೆ. ಚಿಕ್ಕಮ್ಮ ಅನ್ನು. (ನನ್ನನ್ನು ಅಂಕಲ್ ಅನ್ನಬಹುದು, ಗತ್ತಾಗಿದೆ.)

ಹತ್ತು ಎಣಿಸುವುದು ಬಿಡು. ನೀನು ಎಣಿಸುತ್ತಿದ್ದರೆ ನಿನ್ನ ಕಿವಿ ಅಂಕೆಯ ಹತ್ತಿರ ಇರುತ್ತದೆ. ಎದುರಿನವರ ಕೈ ನೋಡು. ಬಾಯಿ ಏನು ಹೇಳಬೇಕೆಂದು ಯೋಚಿಸುತ್ತಿರುವಾಗ ಕೈ ಆಗಲೇ ಹೇಳುತ್ತಿರುತ್ತದೆ. ನಾನು ಹೊಲಿಯಲು ಕೂತಾಗ ಗಿರಾಕಿಗಳ ಕೈಯನ್ನೇ ನೋಡುವುದು. ಬಟ್ಟೆ ಇಷ್ಟವಾಗದಿದ್ದವರು ಅಂಚನ್ನು ಉಜ್ಜುತ್ತಾರೆ, ಬಾಯಲ್ಲಿ "ಚೆನ್ನಾಗಿದೆ" ಅನ್ನುತ್ತಾರೆ.

ಇಪ್ಪತ್ತೈದಕ್ಕೆ ಸಿಗೋಣ. ಸ್ಟೂಲು ನೋಡಿಕೊಂಡು ಬಾ.

ಚಿಕ್ಕಮ್ಮ


೨೭ ಆಗಸ್ಟ್

ಚಿಕ್ಕಮ್ಮಾ!

ಮೊನ್ನೆಯ ಅಭ್ಯಾಸದಿಂದ ಇನ್ನೂ ಕೆಳಗೆ ಇಳಿದಿಲ್ಲ ನಾನು! ಎಂಟೇ ಎಂಟು ಪ್ರಶ್ನೆ! ಮೇಡಂ ಎಣಿಸಿದ್ದಾರೆ! ನೀವು ಸೊಂಟ ನೋವಿನ ಟೀಚರಾಗಿ ಕೂತಿದ್ದಿರಿ, ನಾನು "ತುಂಬಾ ದಿನ ತಡ್ಕೊಂಡಿದ್ದೀರಾ ಅನ್ಸುತ್ತೆ" ಅಂದೆ, ಆಮೇಲೆ ಸುಮ್ಮನಾದೆ, ನೀವು ನಿಧಾನಕ್ಕೆ ಎಲ್ಲ ಹೇಳಿದಿರಿ. ಬೆವರಿದ್ದು ಬಿಟ್ಟರೆ ನಾನು ಡಾಕ್ಟರೇ! ಮೇಡಂ "ಪರವಾಗಿಲ್ಲ" ಅಂದರು. ಆಕೆಯ ಬಾಯಲ್ಲಿ ಅದು ಚಿನ್ನದ ಪದಕ.

ನಿಮ್ಮ ಮಾತಿನಂತೆ ಕೈ ನೋಡಿದೆ. ಏನು ನಟನೆ ಚಿಕ್ಕಮ್ಮಾ ನಿಮ್ಮದು! ಫಾರಂ ತುಂಬುವಾಗ ಪೆನ್ನು ಮೂರು ಸಲ ಜಾರಿಸಿದಿರಿ. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ರಕ್ತದ ಚುಕ್ಕೆ, ಅದರ ಪರಿವೆಯೇ ಇಲ್ಲದವರ ಹಾಗೆ ಕೂತಿದ್ದಿರಿ. ಮೇಕಪ್ಪಾ? ಎಲ್ಲಕ್ಕಿಂತ ದೊಡ್ಡದು ಬ್ರೇಕಿನಲ್ಲಿ. ಚಹಾದ ಸ್ಟೀಲ್ ಲೋಟವನ್ನು ನಾವೆಲ್ಲ ಕರವಸ್ತ್ರ ಸುತ್ತಿ ಹಿಡಿದುಕೊಂಡು ಊದುತ್ತಿದ್ದೆವು, ನೀವು ಬರಿಗೈಯಲ್ಲಿ ಹಿಡಿದು ಮೇಡಂ ಜೊತೆ ಮಾತಾಡುತ್ತಲೇ ಇದ್ದಿರಿ. ಬ್ರೇಕಿನಲ್ಲೂ ಪಾತ್ರ ಬಿಡಲಿಲ್ಲ! ಒಂದು ಕ್ಷಣ ಓಡಿಬಂದು ನಿಮ್ಮ ಕೈಯಿಂದ ಲೋಟ ಕಿತ್ತುಕೊಳ್ಳುವವಳಿದ್ದೆ. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಐವತ್ತೇಳು, ಬದುಕಿರುವವರಿಗೆ ಸಂತಾಪ ಬರೆದವಳು ನೀನು, ಇನ್ನೊಮ್ಮೆ ಮಂಗ ಆಗಬೇಡ. ಆಗಲಿಲ್ಲ. ದೂರದಿಂದ ಹೆಬ್ಬೆಟ್ಟು ಎತ್ತಿ ತೋರಿಸಿದೆ, ನೋಡಿದಿರಾ?

ಇಪ್ಪತ್ತನೇ ತಾರೀಖು ಬರಲಿ. ನಾನು ರೆಡಿ!

ಸಂತಾಪ


೫ ಸೆಪ್ಟೆಂಬರ್

ಚಿಕ್ಕಮ್ಮ,

ನನ್ನ ಕಾಗದ ತಲುಪಿತೇ? ವಾರದೊಳಗೆ ಉತ್ತರ ಬರುತ್ತಿತ್ತು. ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು. ಮೇಲಿನ ಮಂಚದವಳನ್ನು ಇವತ್ತು ಎದೆನೋವು, ಭೇದಿ, ಕಿವಿನೋವು ಮೂರಕ್ಕೂ ಮಾತಾಡಿಸಿದೆ. "ಒಂದೇ ದಿನ ಎಷ್ಟು ಸಲ ಸಾಯ್ಲೇ ನಾನು?" ಎಂದು ದಿಂಬು ಎಸೆದಳು.

ಅಂಕಲ್ ಆದರೂ ಒಂದು ಸಾಲು ಹಾಕಲಿ.

ಐವತ್ತೇಳು


೧೨ ಸೆಪ್ಟೆಂಬರ್

ಚಿಕ್ಕಮ್ಮ,

ಈಗಲೂ ಉತ್ತರವಿಲ್ಲ. ಹಾಗಾಗಿ ನಾನೇ ಯೋಚಿಸಿದೆ. ಯೋಚಿಸಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಇವತ್ತು ಮಧ್ಯಾಹ್ನ ಲ್ಯಾಬಿಗೆ ಹೋಗಿ, ಇಪ್ಪತ್ತೈದನೇ ತಾರೀಖಿನ ಕೇಸ್ ಹಾಳೆ ಕೊಡಿ, ಓದಿಕೊಳ್ಳುತ್ತೇನೆ ಅಂದೆ. ಸೊಂಟನೋವು, ಹತ್ತು ವರ್ಷದ ಕೆಲಸ, ನಿಂತು ಪಾಠ ಮಾಡುವುದು. ಬೆರಳಿನ ಮಾತೇ ಇಲ್ಲ. ಪೆನ್ನು ಜಾರುವುದಿಲ್ಲ. ಬ್ರೇಕಿಗೆ ಕೇಸ್ ಹಾಳೆಯೇ ಇರುವುದಿಲ್ಲವಲ್ಲ ಚಿಕ್ಕಮ್ಮ, ಅಷ್ಟೂ ಹೊಳೆಯಲಿಲ್ಲ ನನಗೆ. ಹಾಳೆ ಬಿಟ್ಟು ಒಂದು ಸಲ ಕೆಮ್ಮಿದವಳಲ್ಲ ಎಂದು ನೀವೇ ಬರೆದಿದ್ದಿರಿ. ಮೊದಲನೇ ಕಾಗದದಿಂದಲೂ ಅಕ್ಷರ ಅಂಕಲ್‌ದು. ಸೋಮಾರಿತನ ಅಂದಿರಿ, ನಾನು ನಕ್ಕೆ.

ಮೇಡಂಗೆ ಏನೂ ಹೇಳಿಲ್ಲ.

ಸುಳ್ಳು ದುಃಖಕ್ಕೆ ಎರಡು ಪುಟ ಸಂತಾಪ ಬರೆದೆ. ನಿಜ ಎದುರಿಗೆ ಬಂದು ಕೂತಾಗ ಹೆಬ್ಬೆಟ್ಟು ಎತ್ತಿ ತೋರಿಸಿದೆ. ಅದಕ್ಕೆ ಆಮೇಲೆ ಬೇಜಾರು ಮಾಡಿಕೊಳ್ಳುತ್ತೇನೆ. ಈಗ ಒಂದೇ ಪ್ರಶ್ನೆ.

ನಿಮ್ಮ ಬೆರಳಿಗೆ ಏನಾಗಿದೆ ಚಿಕ್ಕಮ್ಮ?

ಕೆಳಗಿನ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಅದು ನಿಮ್ಮ ಜಾಗ. ನಾನು ಎಣಿಸುವುದಿಲ್ಲ.


೧೬ ಸೆಪ್ಟೆಂಬರ್

ನೀನು ಬಿಟ್ಟ ಅರ್ಧ ಪುಟದಲ್ಲೇ ಬರೆಯುತ್ತಿದ್ದೇನೆ. ನನ್ನ ಕೈಯದೇ ಅಕ್ಷರ, ಕಾಗೆ ಕಾಲಿನ ಹಾಗಿದ್ದರೆ ಓದಿಕೋ. ಅವರು ಗಡಿಯಾರದ ಬಿಡಿಭಾಗ ತರಲು ಪೇಟೆಗೆ ಹೋಗಿದ್ದಾರೆ.

ಒಂದು ವರ್ಷವಾಯಿತು. ಮೊದಲು ಜೋಮು, ಈಗ ತುದಿ ಮರಗಟ್ಟಿದೆ. ಸೂಜಿ ಚುಚ್ಚಿದ್ದು ಬಟ್ಟೆಗೆ ಕಲೆಯಾದ ಮೇಲೆ ಗೊತ್ತಾಗುತ್ತದೆ. ಬಾಯಾರಿಕೆ ಇದೆ. ರಾತ್ರಿ ಎರಡೆರಡು ಸಲ ಏಳಬೇಕು. ಏನೆಂದು ನನಗೆ ಗೊತ್ತು. ಸಕ್ಕರೆ ಕಾಯಿಲೆಯ ಹಾಳೆ ಆರು ವರ್ಷದಿಂದ ನನಗೆ ಬಾಯಿಪಾಠ, ಅದರಲ್ಲಿರುವುದೆಲ್ಲ ಒಂದೊಂದಾಗಿ ನನಗೆ ಬಂದಿದೆ.

ಪರೀಕ್ಷೆ ಮಾಡಿಸಿಲ್ಲ. ಕಾಯಿಲೆ ಇದ್ದವರನ್ನು ಆ ಕಾಯಿಲೆಯ ಪಾತ್ರಕ್ಕೆ ಕೂರಿಸುವುದಿಲ್ಲ, ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಹೋದರೆ ಹೋಗಲಿ, ಅದಕ್ಕಲ್ಲ. ನಿನ್ನಂಥ ಇನ್ನೂರು ಮಕ್ಕಳು ನನಗೆ "ನಿಮಗೆ ಸಕ್ಕರೆ ಕಾಯಿಲೆ ಇದೆ" ಅಂತ ಹೇಳಿದ್ದಾರೆ. ಇನ್ನೂರು ಸಲ ನಾನು ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಅತ್ತಿದ್ದೇನೆ. ನಿಜವಾಗಿ ಒಬ್ಬರು ಹೇಳಿದಾಗ ಅಳು ಬಂದರೆ ಅದು ನನ್ನದೋ ಹಾಳೆಯದೋ ನನಗೇ ತಿಳಿಯುವುದಿಲ್ಲ. ಆ ಭಯ. ನಗಬೇಡ.

ಅವರಿಗೆ ಹೇಳಿಲ್ಲ. ನೀನೂ ಯಾರಿಗೂ ಹೇಳಬೇಡ. ಇಪ್ಪತ್ತಕ್ಕೆ ಹಾಳೆಯಲ್ಲಿದ್ದದ್ದನ್ನು ಮಾತ್ರ ಕೇಳು, ಪಾಸಾಗು, ವಾರ್ಡಿಗೆ ಹೋಗು. ಹುಚ್ಚುತನ ಮಾಡಬೇಡ.


೨೦ ಸೆಪ್ಟೆಂಬರ್, ಸಂಜೆ

ಚಿಕ್ಕಮ್ಮ,

ಮಾಡಿದೆ. ನೀವು ಎದುರಿಗೇ ಇದ್ದಿರಿ, ನೋಡಿದ್ದೀರಿ. ಆದರೂ ಸ್ಟೂಲಿನ ಈ ಕಡೆಯಿಂದ ಹೇಗಿತ್ತು ಎಂದು ಬರೆಯದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ.

ಪರದೆ ಸರಿಸಿದಾಗ ನೀವು ನಿದ್ದೆ ಬಾರದ, ಮದುವೆಯಾಗದ, ಅಕ್ಕನ ಜೊತೆ ವಾಸವಿರುವ ಹೆಂಗಸು. ಮೂಲೆಯಲ್ಲಿ ಪರೀಕ್ಷಕರು, ತೊಡೆಯ ಮೇಲೆ ಮಾರ್ಕಿನ ಪಟ್ಟಿ. ನಾನು ಕೂತೆ, ಸ್ಟೂಲು ಸಹಕರಿಸಿತು. ನಿದ್ದೆ, ತಲೆನೋವು, ಅಕ್ಕನ ಕಿರಿಕಿರಿ ಎಲ್ಲ ಬಂತು. ಒಂದೂ ತಪ್ಪಿಲ್ಲ ಚಿಕ್ಕಮ್ಮ, ಪರೀಕ್ಷಕರ ಪೆನ್ನು ಟಿಕ್ ಟಿಕ್ ಅನ್ನುವುದು ಕೇಳಿಸುತ್ತಿತ್ತು! ಐದನೇ ನಿಮಿಷಕ್ಕೆ ನನಗೆ ಗೊತ್ತಾಯಿತು, ನಾನು ಪಾಸಾಗುತ್ತಿದ್ದೇನೆ! ಉಳಿದದ್ದು ಒಂದೇ, ನೀವು ಹೇಳಿದ್ದನ್ನೆಲ್ಲ ಸೇರಿಸಿ ವಾಪಸ್ ಒಪ್ಪಿಸುವುದು. ಅದಕ್ಕೆ ಆರು ಮಾರ್ಕು. ಬಾಯಿ ತೆರೆದೆ.

ಆಗ ನಿಮ್ಮ ಕೈ ನೋಡಿದೆ. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟಿ ನೋಡುತ್ತಿದ್ದಿರಿ, ಇದೆಯೋ ಇಲ್ಲವೋ ಅನ್ನುವ ಹಾಗೆ. ನೀವು ಇವತ್ತು ರೈಲು ಹತ್ತಿದರೆ ಈ ಮಾತು ಮುಗಿಯಿತು, ಇನ್ನೊಂದು ವರ್ಷ ಹೀಗೇ ಹೋಗುತ್ತದೆ ಅನ್ನಿಸಿತು. ಪರೀಕ್ಷಕರು ಕೂತಿದ್ದಾರೆ, ನೇರವಾಗಿ ಕೇಳುವ ಹಾಗಿಲ್ಲ. ಏನು ಕೇಳಬೇಕೆಂದು ಯೋಚಿಸಲೂ ಇಲ್ಲ.

"ಮನೇಲಿ ಯಜಮಾನ್ರಿಗೆ ಹೇಳಿದ್ದೀರಾ?" ಅಂದೆ.

ಪರೀಕ್ಷಕರ ಪೆನ್ನು ನಿಂತಿತು. ಎರಡು ನಿಮಿಷದ ಹಿಂದೆ "ನಂಗೆ ಮದುವೆ ಆಗಿಲ್ಲ ಡಾಕ್ಟ್ರೇ" ಅಂದ ಹೆಂಗಸಿಗೆ! ಹಾಳೆಯ ಪ್ರಕಾರ ನೀವು "ಯಾವ ಯಜಮಾನ್ರು?" ಅನ್ನಬೇಕಿತ್ತು. ಆರು ವರ್ಷ ಹಾಳೆ ಬಿಡದವರು ನೀವು. ಅನ್ನಲಿಲ್ಲ. ನನ್ನನ್ನು ನೋಡಿದಿರಿ.

"ಇಲ್ಲ" ಅಂದಿರಿ.

ನಾನು ಸುಮ್ಮನಿದ್ದೆ. ಎಣಿಸಲಿಲ್ಲ. ಗಡಿಯಾರ ಓಡುವುದು ಕಾಣುತ್ತಿತ್ತು, ಆರು ಮಾರ್ಕು ಒಂದೊಂದೇ ಹೋಗುವುದು ಕಾಣುತ್ತಿತ್ತು. ಆಮೇಲೆ ನೀವು ಬಹಳ ಮೆಲ್ಲಗೆ "ಹೇಗೆ ಹೇಳೋದು?" ಅಂದಿರಿ. ನಾನು "ನಂಗೂ ಗೊತ್ತಿಲ್ಲ. ಟೆಸ್ಟಿಗೆ ಹೋದ್ರೆ ರಿಪೋರ್ಟ್ ತಗೊಳ್ಳೋ ದಿನ ನಾನು ಜೊತೆಗೆ ಬರ್ತೀನಿ" ಅಂದೆ. ಬೆಲ್ಲು ಹೊಡೆಯಿತು.

ನಾಲ್ಕು ಗಂಟೆಗೆ ಮೇಡಂ ಪಟ್ಟಿ ಅಂಟಿಸಿದರು. ಪಕ್ಕಕ್ಕೆ ಕರೆದು "ಮದುವೆ ಆಗದವರಿಗೆ ಗಂಡನ್ನ ಕೊಟ್ಯಲ್ಲೇ, ಎಲ್ಲಿತ್ತು ನಿನ್ನ ಕಿವಿ?" ಅಂದರು. ನಾನು "ಸಾರಿ ಮೇಡಂ" ಅಂದೆ, ಇನ್ನೇನು ಅನ್ನಲಿ? ಪರೀಕ್ಷಕರು ಕೊಟ್ಟದ್ದು ಹದಿನಾಲ್ಕು. ಪಾಸಿಗೆ ಹದಿನೈದು. ಪೇಷಂಟ್ ಕೊಡಬೇಕಾದ ಐದು ಮಾರ್ಕಿನ ಜಾಗ ಖಾಲಿ. ನೀವು ಆ ಮಾರ್ಕಿನ ಹಾಳೆ ತುಂಬದೆ ಚೀಲಕ್ಕೆ ತುರುಕಿಕೊಂಡು ರೈಲಿಗೆ ಓಡಿದಿರಂತೆ. ಅಂಚೆಯಲ್ಲಿ ಬರಲಿ, ಕಾಯುತ್ತೇನೆ ಅಂದರು ಮೇಡಂ.

ನಾನು ಮಾರ್ಕು ಕೇಳುತ್ತಿಲ್ಲ. ಕೇಳಬಾರದು. ಕೇಳಿದ ಹಾಗಾಯಿತೇ? ಆಗಿದ್ದರೆ ಇದನ್ನು ಓದಲಿಲ್ಲ ಅಂದುಕೊಳ್ಳಿ. ಓಡಿದಿರಿ ಅಂದರಲ್ಲ, ಯಾಕೆ ಓಡಿದಿರಿ ಚಿಕ್ಕಮ್ಮ? ಅದನ್ನು ಮಾತ್ರ ಬರೆಯಿರಿ.

ಸಂತಾಪ


೨೫ ಸೆಪ್ಟೆಂಬರ್

ಐವತ್ತೇಳಮ್ಮ,

ಅಕ್ಷರ ಅವರದ್ದು, ಮಾತು ನನ್ನದು, ಈ ಸಲ ಅವರಿಗೆ ಎಲ್ಲ ಗೊತ್ತಿದ್ದು ಬರೆಯುತ್ತಿದ್ದಾರೆ.

ಓಡಿದ್ದು ಯಾಕೆಂದರೆ, ನಿಧಾನಕ್ಕೆ ನಡೆದಿದ್ದರೆ ಮನೆ ತಲುಪುವಷ್ಟರಲ್ಲಿ ಧೈರ್ಯ ಹೋಗುತ್ತಿತ್ತು. ಬಂದಾಗ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಚಪ್ಪಲಿಯನ್ನೂ ಬಿಡದೆ "ಕೇಳಿ ಇಲ್ಲಿ, ನನ್ನ ಬೆರಳು ಸತ್ತುಹೋಗಿದೆ" ಅಂದೆ. ಇನ್ನೂರು ಮಕ್ಕಳಿಗೆ ಪಾಠ ಹೇಳಿಕೊಟ್ಟವಳು ಹೇಳುವ ರೀತಿಯೇ ಅದು?

ಅವರು ಭೂತಗನ್ನಡಿ ತೆಗೆಯಲಿಲ್ಲ. "ಮೂರು ತಿಂಗಳಿಂದ ನೀನು ಹಚ್ಚಿದ ಗುಂಡೀನೆಲ್ಲ ಬಿಚ್ಚಿ ನಾನೇ ಹಚ್ತಿದ್ದೀನಿ. ಗಿರಾಕಿಗಳು ಒಬ್ರಾದ್ರೂ ವಾಪಸ್ ಬಂದ್ರಾ?" ಅಂದರು.

"ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

"ನೀನೇ ಹೇಳ್ಲಿ ಅಂತ ಕಾಯ್ತಿದ್ದೆ."

ನೋಡಮ್ಮ, ಸುಮ್ಮನಿರುವುದಕ್ಕೂ ಒಂದು ಅಳತೆ ಬೇಕು. ಇದನ್ನು ನಿನಗೆ ಮೊದಲೇ ಹೇಳಿಕೊಡಬೇಕಿತ್ತು, ನನಗೇ ಗೊತ್ತಿರಲಿಲ್ಲ. ಇಬ್ಬರೂ ಚೆನ್ನಾಗಿ ಬೈದಾಡಿದೆವು. ಪಕ್ಕದ ಅಂಗಡಿಯವನು ಶಟರ್ ಅರ್ಧ ಎಳೆದು ಕೇಳಿಸಿಕೊಂಡ. (ನಾನು ಗೆದ್ದೆ.) ಗೆದ್ದದ್ದು ನಾನು. ಆಮೇಲೆ ಅಳು ಬಂತು. ನಾಲ್ಕನೇ ನಿಮಿಷಕ್ಕಲ್ಲ. ಅರ್ಧ ಗಂಟೆ ಕಳೆದ ಮೇಲೆ, ಕತ್ತರಿ ಎತ್ತಿಡುವಾಗ, ಯಾವ ಹಾಳೆಯಲ್ಲೂ ಇಲ್ಲದ ಜಾಗದಲ್ಲಿ. ಮೂಗೆಲ್ಲ ಸೋರಿ ಬಹಳ ಅಸಹ್ಯವಾಗಿತ್ತು. ಎಷ್ಟು ಖುಷಿಯಾಯಿತು ಗೊತ್ತೇ ನನಗೆ!

ನಿನ್ನೆ ರಕ್ತ ಕೊಟ್ಟು ಬಂದೆ. ಮೇಡಂಗೂ ಬರೆದು, ರಿಪೋರ್ಟ್ ಬರುವವರೆಗೆ ಪಟ್ಟಿಯಿಂದ ನನ್ನ ಹೆಸರು ಬಿಡಿ ಅಂದಿದ್ದೇನೆ.

ಈಗ ನಿನ್ನ ಮಾರ್ಕು. ನಿನ್ನ ಕಾಗದ ಬಂದದ್ದು ಮಂಗಳವಾರ, ನಾನು ಹಾಳೆ ತುಂಬಿ ಅಂಚೆಗೆ ಹಾಕಿದ್ದು ಸೋಮವಾರ, ಆದ್ದರಿಂದ ಯಾರೂ ಏನೂ ಅನ್ನುವ ಹಾಗಿಲ್ಲ. ಹಾಳೆಯಲ್ಲಿರುವುದು ಒಂದೇ ಪ್ರಶ್ನೆ: ಈ ವಿದ್ಯಾರ್ಥಿಯ ಬಳಿ ಮತ್ತೆ ಬರುತ್ತೀರಾ? ನನ್ನನ್ನು ಕೇಳಿದ್ದರೆ ಐದಕ್ಕೆ ಹತ್ತು ಹಾಕುತ್ತಿದ್ದೆ. ಆದರೆ ಕೇಳಿದ್ದು ಆ ನಿದ್ದೆ ಬಾರದ ಹೆಂಗಸನ್ನು. ಅವಳಿಗೆ ನೀನು ಇಲ್ಲದ ಗಂಡನನ್ನು ಕಟ್ಟಿದೆ, ಅವಳು ಹೇಳಿದ್ದನ್ನು ವಾಪಸ್ ಒಪ್ಪಿಸಲೂ ಇಲ್ಲ. ಅವಳಿಗೆ ಅನ್ಯಾಯ ಮಾಡಲಾರೆ. ಬಹಳ ಹೊತ್ತು ಯೋಚಿಸಿದೆ. ಐದು ನಿಮಿಷವಾದರೂ ಅಷ್ಟು ಚೆನ್ನಾಗಿ ಕೇಳಿಸಿಕೊಂಡಳಲ್ಲ ಎಂದು ಅವಳು ಒಂದು ಮಾರ್ಕು ಕೊಟ್ಟಳು. (ನಾನು ಎರಡಾದರೂ ಹಾಕು ಅಂದ್ರೆ ಕೇಳಲಿಲ್ಲ.) ಒಂದೇ. ಕೂಡಿಸಿ ನೋಡಿಕೋ, ನಿನಗೆ ಗಣಿತ ಇಂಗ್ಲಿಷಿನಲ್ಲಿ ಬರುತ್ತದಲ್ಲ.

ಕೂಡಿಸಿದೆಯಾ? ಸರಿ, ಕೂಗಾಡಿದ್ದು ಸಾಕು, ಕೂತು ಮುಂದಕ್ಕೆ ಓದು.

ರಿಪೋರ್ಟ್ ಮಂಗಳವಾರ ಹನ್ನೊಂದು ಗಂಟೆಗೆ. ನಿನ್ನ ವಾರ್ಡು ಬುಧವಾರ, ಸಂಜೆಯ ರೈಲಿಗೆ ವಾಪಸ್ ಹೋಗಬಹುದು. ಬೆಳಿಗ್ಗೆ ಆರೂವರೆಯ ರೈಲು ಹತ್ತು. ಸ್ಟೇಷನ್ನಿಗೆ ಅವರು ಬರುತ್ತಾರೆ, ಬದುಕಿರುವವರ ಹಾಗೆ ಕಾಣುತ್ತಾರೆ, ಗುರುತು ಸಿಗುತ್ತದೆ. ಡಾಕ್ಟರ ಕೋಣೆಯಲ್ಲಿ ಎರಡೇ ಕುರ್ಚಿಯಂತೆ. ಒಂದರಲ್ಲಿ ನಾನು. ಇನ್ನೊಂದರಲ್ಲಿ ನೀನು ಕೂತುಕೋ, ಅವರು ಬಾಗಿಲ ಬಳಿ ನಿಲ್ಲುತ್ತೇನೆ ಅಂದಿದ್ದಾರೆ. ಹೇಳುವುದನ್ನು ಡಾಕ್ಟರು ಹೇಳಲಿ, ಚೆನ್ನಾಗಿಯಾದರೂ ಹೇಳಲಿ, ಕೆಟ್ಟದಾಗಿಯಾದರೂ ಹೇಳಲಿ. ನೀನು ಒಂದು ಮಾತೂ ಆಡಬೇಡ. ನನ್ನ ಕೈ ಹಿಡಿದುಕೋ. ಸ್ವಲ್ಪ ಗಟ್ಟಿಯಾಗಿ ಹಿಡಿ, ಮಣಿಕಟ್ಟಿನ ಹತ್ತಿರ. ಅಲ್ಲಿ ನನಗೆ ಗೊತ್ತಾಗುತ್ತದೆ.

ನಿನ್ನ ಚಿಕ್ಕಮ್ಮ